ಸ್ಕಾಟ್ಲೆಂಡಿಗೆ ಬಂದ ಮೊದಲ ವರ್ಷ: ಮಳೆ ನಿಲ್ಲಲಿ ಅಂತ ಕಾಯಬೇಡಿ

ಬ್ಯಾಂಕ್ ಖಾತೆ, ಬಾಡಿಗೆ ಮನೆ, ಜಿಪಿ (ಬಡಾವಣೆಯ ವೈದ್ಯರು) ಬಳಿ ನೋಂದಣಿ ಎಲ್ಲಾ ಮೊದಲ ತಿಂಗಳು ಎರಡು ತಿಂಗಳಲ್ಲಿ ಹೇಗೋ ಮುಗಿಯುತ್ತದೆ. ಗೊತ್ತಾಗದಿದ್ದರೆ ಹೇಳಿಕೊಡಲು ಇಲ್ಲಿನ ನಮ್ಮ ಕನ್ನಡಿಗರ ಸಂಘದಲ್ಲಿ ಬೇಕಾದಷ್ಟು ಜನ ಇದ್ದಾರೆ. ಈ ಬರಹ ಅದರ ನಂತರದ ಮಾತಿಗೆ. ಬಂದು ಎರಡು ವರ್ಷವಾದರೂ ಆಫೀಸು, ಶಾಲೆ, ಇಂಡಿಯನ್ ಅಂಗಡಿ ಬಿಟ್ಟು ಬೇರೇನೂ ನೋಡದ ಮನೆಗಳು ನಮ್ಮಲ್ಲಿವೆ. ಚಳಿ ಕಡಿಮೆಯಾಗಲಿ, ಮಳೆ ನಿಲ್ಲಲಿ, ಆಮೇಲೆ ಹೋಗೋಣ ಅಂತ ಕಾಯುತ್ತಾರೆ. ಅಷ್ಟರಲ್ಲಿ ಕೆಲಸ ಬದಲಾಗಿ ಬೇರೆ ದೇಶಕ್ಕೆ ಹೊರಟಿರುತ್ತಾರೆ. ನಿಮಗೆ ಹಾಗಾಗಬಾರದು.

ನಾವು ಬಂದಿದ್ದು ನವೆಂಬರಿನಲ್ಲಿ, ಎಡಿನ್‌ಬರಾಕ್ಕೆ. ಡಿಸೆಂಬರ್ ಹೊತ್ತಿಗೆ ಮಧ್ಯಾಹ್ನ ಮೂರೂಮುಕ್ಕಾಲಕ್ಕೆಲ್ಲಾ ಸೂರ್ಯ ಮುಳುಗುತ್ತಿದ್ದ. ಮಗಳನ್ನು ಶಾಲೆಯಿಂದ ಕರೆದುಕೊಂಡು ಮನೆಗೆ ಬರುವಷ್ಟರಲ್ಲಿ ಕತ್ತಲೆ. ಮೊದಲ ಚಳಿಗಾಲದಲ್ಲಿ ಮನಸ್ಸು ಕುಗ್ಗುವುದು ಸಹಜ. ಅದನ್ನು ಮುಚ್ಚಿಡಬೇಡಿ, ಸಂಘದ ಯಾರಿಗಾದರೂ ಫೋನ್ ಮಾಡಿ. ಎರಡು ಕೆಲಸ ಮಾತ್ರ ತಪ್ಪದೆ ಮಾಡಿ. ದಿನಕ್ಕೆ 10 ಮೈಕ್ರೋಗ್ರಾಂ ವಿಟಮಿನ್ ಡಿ ತೆಗೆದುಕೊಳ್ಳಿ. ನಮ್ಮ ಮೈಬಣ್ಣದವರು ಚಳಿಗಾಲದಲ್ಲಿ ಮಾತ್ರವಲ್ಲ, ವರ್ಷಪೂರ್ತಿ ತೆಗೆದುಕೊಳ್ಳುವ ಬಗ್ಗೆ ಯೋಚಿಸಿ ಎಂದು ಇಲ್ಲಿನ ಆರೋಗ್ಯ ಇಲಾಖೆಯೇ ಹೇಳುತ್ತದೆ. ಇನ್ನೊಂದು, ಭಾನುವಾರ ಬೆಳಿಗ್ಗೆ ಹತ್ತರಿಂದ ಎರಡರೊಳಗೆ ಎಲ್ಲರೂ ಹೊರಗಿರಿ. ಕೊಡೆ ಬೇಡ, ಇಲ್ಲಿನ ಗಾಳಿಗೆ ಅದು ಮುರಿದೇ ಹೋಗುತ್ತದೆ. ಟೋಪಿ ಇರುವ, ನೀರು ಇಳಿಯದ ಜಾಕೆಟ್ ಕೊಳ್ಳಿ. ಜೀನ್ಸ್ ಒದ್ದೆಯಾದರೆ ಒಣಗುವುದಿಲ್ಲ, ಬೆಟ್ಟಕ್ಕೆ ಹೋಗುವಾಗ ಅದನ್ನು ಹಾಕಬೇಡಿ.

ಈ ಮಳೆಗೆ ಇಲ್ಲಿನವರ ಬಾಯಲ್ಲಿ ಒಂದು ಮಾತಿದೆ: ಡ್ರೀಖ್. ಬೂದು ಆಕಾಶ, ಬಿಡದ ಜಿಟಿಜಿಟಿ ಮಳೆ, ಮೈಯೊಳಗೆ ಇಳಿಯುವ ಥಂಡಿ, ಎಲ್ಲಾ ಸೇರಿ ಡ್ರೀಖ್. ಆಗುಂಬೆ, ತೀರ್ಥಹಳ್ಳಿ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ? ಬಸ್ ಸ್ಟಾಪಿನಲ್ಲಿ ಪಕ್ಕದವರಿಗೆ 'ಡ್ರೀಖ್' ಅಂದು ನೋಡಿ. ಬಸ್ ಬರುವ ತನಕ ಮಾತು ನಿಲ್ಲುವುದಿಲ್ಲ.

ಮಾತಿನಿಂದಲೇ ಈ ನಾಡು ಬೇಗ ಹತ್ತಿರವಾಗುತ್ತದೆ. ವೀ ಅಂದರೆ ಪುಟ್ಟ, ಬೇರ್ನ್ ಅಂದರೆ ಮಗು, 'ಮೆಸೇಜಸ್ ತರಲು ಹೋಗುತ್ತೇನೆ' ಅಂದರೆ ದಿನಸಿ ತರಲು. ಇದು ಕೆಟ್ಟ ಇಂಗ್ಲಿಷ್ ಅಲ್ಲ. ಸ್ಕಾಟ್ಸ್ ಎನ್ನುವ ಭಾಷೆ, ಅದಕ್ಕೆ ತನ್ನದೇ ಕಾವ್ಯವಿದೆ. ಕುಂದಾಪುರದವರ ಮಾತನ್ನೋ ಧಾರವಾಡದವರ ಮಾತನ್ನೋ ಯಾರಾದರೂ ತಪ್ಪು ಕನ್ನಡ ಅಂದರೆ ನಮಗೆ ಹೇಗನಿಸುತ್ತದೆ? ಇವರಿಗೂ ಹಾಗೇ. ಇನ್ನು ಊರ ಹೆಸರುಗಳಲ್ಲಿ ಗೇಲಿಕ್ ಎಂಬ ಇಲ್ಲಿನ ಇನ್ನೊಂದು ಭಾಷೆ ತುಂಬಿಕೊಂಡಿದೆ. ನಮ್ಮಲ್ಲಿ ಕೆರೆ, ಹಳ್ಳಿ, ದುರ್ಗ ಇದ್ದ ಹಾಗೆ. ಬೆನ್ ಅಂದರೆ ಬೆಟ್ಟ, ಗ್ಲೆನ್ ಅಂದರೆ ಕಣಿವೆ, ಇನ್ವರ್ ಅಂದರೆ ನದಿ ಹೋಗಿ ಸೇರುವ ಜಾಗ. ನೆಸ್ ನದಿ ಕಡಲು ಸೇರುವಲ್ಲಿ ಇರುವ ಊರು ಇನ್ವರ್‌ನೆಸ್. ಡೂನ್ ಅಂದರೆ ಕೋಟೆ. ಎಡಿನ್‌ಬರಾದ ಗೇಲಿಕ್ ಹೆಸರು ಶುರುವಾಗುವುದೇ ಡೂನ್ ಎಂದು. ಹೆಸರಿನಲ್ಲಿ ಚಿತ್ರದುರ್ಗದ ಜೊತೆಗಾರ ಊರು ಅದು. ಇದನ್ನು ಮಕ್ಕಳಿಗೆ ಹೇಳಿಕೊಡಿ, ರಸ್ತೆ ಫಲಕಗಳನ್ನು ಅವರೇ ಬಿಡಿಸಿ ಓದಲು ಶುರುಮಾಡುತ್ತಾರೆ.

ಜನವರಿಯಲ್ಲಿ ಎಷ್ಟೋ ಶಾಲೆಗಳಲ್ಲಿ ಮಕ್ಕಳಿಗೆ ಒಂದು ಸ್ಕಾಟ್ಸ್ ಪದ್ಯ ಬಾಯಿಪಾಠ ಮಾಡಲು ಕೊಡುತ್ತಾರೆ. ಅದು ಇಲ್ಲಿನ ಹೆಸರಾಂತ ಕವಿ ರಾಬರ್ಟ್ ಬರ್ನ್ಸ್ ನೆನಪಿಗೆ. ಅವನು ಹುಟ್ಟಿದ್ದು 1759ರ ಜನವರಿ 25ರಂದು, ಏರ್‌ ಪಟ್ಟಣದ ಹತ್ತಿರದ ಅಲೋವೇ ಎಂಬ ಹಳ್ಳಿಯಲ್ಲಿ. ನನ್ನ ಮಗಳಿಗೆ ಬಂದಿದ್ದು ಇಲಿಯ ಪದ್ಯದ ಮೊದಲ ಸಾಲುಗಳು. ಬರ್ನ್ಸ್ ಸ್ವತಃ ರೈತ. ಉಳುವಾಗ ನೇಗಿಲಿಗೆ ಸಿಕ್ಕಿ ಇಲಿಯ ಗೂಡು ಒಡೆದುಹೋಗುತ್ತದೆ. ಚಳಿಗಾಲ ಎದುರಿಗಿರುವಾಗ ಮನೆ ಕಳೆದುಕೊಂಡ ಆ ಇಲಿಯೊಡನೆ ಕವಿ ಮಾತಾಡುತ್ತಾನೆ. ಅಡುಗೆಮನೆಯ ಕಟ್ಟೆ ಮೇಲೆ ಕೂತು ಅವಳು ಒಂದೊಂದೇ ಸಾಲು ಹೇಳುತ್ತಿದ್ದಳು. ಊರಿಂದ ಬಂದಿದ್ದ ನಮ್ಮತ್ತೆ ಅರ್ಥ ಕೇಳಿ, "ಪಾಪ, ಆ ಇಲಿ ಆಮೇಲೆ ಎಲ್ಲಿಗೆ ಹೋಯ್ತಂತೆ?" ಅಂದರು. ನಿಮ್ಮ ಮಕ್ಕಳು ಪದ್ಯ ತಂದಾಗ ದಯವಿಟ್ಟು ಜೊತೆಗೆ ಕೂತು ಕಲಿಯಿರಿ. ಕಂಠಪಾಠ ನಮಗೇನೂ ಹೊಸದಲ್ಲವಲ್ಲ.

ಜನವರಿ 25ರ ರಾತ್ರಿ ಅವನ ನೆನಪಿನ ಊಟವೇ ಬರ್ನ್ಸ್ ಸಪ್ಪರ್. ಅದರಲ್ಲಿ ಬಡಿಸುವ ಹ್ಯಾಗಿಸ್ ಅಂದರೆ ಕುರಿಯ ಹೃದಯ, ಯಕೃತ್ತು, ಶ್ವಾಸಕೋಶಕ್ಕೆ ಓಟ್ಸ್, ಈರುಳ್ಳಿ, ಮೆಣಸು ಸೇರಿಸಿ ಮಾಡಿದ್ದು. ಸಸ್ಯಾಹಾರಿಗಳು ಹಿಂದೆ ಸರಿಯಬೇಕಾಗಿಲ್ಲ. ಓಟ್ಸ್, ಬೇಳೆಕಾಳು ಹಾಕಿದ ವೆಜಿಟೇರಿಯನ್ ಹ್ಯಾಗಿಸ್ ಸೂಪರ್ ಮಾರ್ಕೆಟ್ಟುಗಳಲ್ಲೇ ಸಿಗುತ್ತದೆ. ಕಾಳುಮೆಣಸಿನ ಘಾಟು ಚೆನ್ನಾಗಿರುತ್ತದೆ, ಚಪಾತಿಗೂ ಒಗ್ಗುತ್ತದೆ. ಎಲ್ಲಾದರೂ ಕೇಲಿ ಎಂಬ ಇಲ್ಲಿನ ಗುಂಪು ಕುಣಿತಕ್ಕೆ ಕರೆದರೆ ಹೋಗಿ. ಹೆಜ್ಜೆ ಗೊತ್ತಿರಬೇಕು ಅಂತಿಲ್ಲ, ಒಬ್ಬರು ಮುಂದೆ ನಿಂತು ಹೇಳಿಕೊಡುತ್ತಾರೆ. ಸೀರೆಗಿಂತ ಚೂಡಿದಾರ್ ಅನುಕೂಲ, ಹಿಮ್ಮಡಿ ಎತ್ತರವಿಲ್ಲದ ಚಪ್ಪಲಿ ಇರಲಿ.

ಬೇಸಿಗೆ ಬಂದರೆ ಈ ನಾಡೇ ಬೇರೆ. ಜೂನಿನಲ್ಲಿ ರಾತ್ರಿ ಹತ್ತಕ್ಕೂ ಬೆಳಕು. ಇಲ್ಲಿ ನಿಮಗೆ ಒಂದು ದೊಡ್ಡ ಹಕ್ಕಿದೆ, ಅದನ್ನು ಹೊಸಬರಿಗೆ ಯಾರೂ ಹೇಳುವುದಿಲ್ಲ. 2003ರ ಭೂ ಸುಧಾರಣಾ ಕಾಯ್ದೆಯ ಪ್ರಕಾರ ಬೆಟ್ಟ, ಕಾಡು, ಹುಲ್ಲುಗಾವಲು, ಕೆರೆಯ ದಡ, ಇವು ಯಾರ ಹೆಸರಿನಲ್ಲಿದ್ದರೂ ನೀವು ನಡೆದು ಹೋಗಬಹುದು. ಜವಾಬ್ದಾರಿಯಿಂದ ನಡೆದುಕೊಳ್ಳಬೇಕು, ಅಷ್ಟೆ. ಮನೆಯ ಅಂಗಳಕ್ಕೆ ಕಾಲಿಡಬಾರದು, ಬೆಳೆ ತುಳಿಯಬಾರದು, ಗೇಟು ಹೇಗಿತ್ತೋ ಹಾಗೇ ಬಿಟ್ಟು ಬರಬೇಕು, ಕಸ ವಾಪಸ್ ತರಬೇಕು. ಟೆಂಟ್ ಕೂಡ ಹಾಕಬಹುದು. ಆದರೆ ಲಾಖ್ ಲೋಮಂಡ್ ಎಂಬ ದೊಡ್ಡ ಸರೋವರದ ಸುತ್ತ ಕೆಲವು ಕಡೆ ಮಾರ್ಚಿನಿಂದ ಸೆಪ್ಟೆಂಬರ್ ತನಕ ಅನುಮತಿ ಬೇಕು. ಬೇಲಿ ಕಂಡರೆ ಹಿಂದೆ ತಿರುಗುವುದು ನಮ್ಮ ಅಭ್ಯಾಸ. ಆ ಹಿಂಜರಿಕೆ ಬಿಡಿ.

ಬೆನ್ ನೆವಿಸ್‌ನಿಂದ ಶುರುಮಾಡಬೇಡಿ. ಅದು 1,345 ಮೀಟರ್, ಮೇ ತಿಂಗಳಲ್ಲೂ ಮೇಲೆ ಹಿಮ ಇರುತ್ತದೆ. ಎಡಿನ್‌ಬರಾದವರಿಗೆ ಊರೊಳಗೇ ಇರುವ 251 ಮೀಟರಿನ ಆರ್ಥರ್ಸ್ ಸೀಟ್ ಸಾಕು. ಬೆಟ್ಟದಲ್ಲಿ ಏನಾದರೂ ಆದರೆ 999ಕ್ಕೆ ಕರೆ ಮಾಡಿ, ಮೊದಲು ಪೊಲೀಸ್ ಕೇಳಿ, ಆಮೇಲೆ ಮೌಂಟನ್ ರೆಸ್ಕ್ಯೂ ಅನ್ನಿ. ಬರುವವರು ಹೆಚ್ಚಾಗಿ ಸ್ವಯಂಸೇವಕರು, ಹಣ ಕೇಳುವುದಿಲ್ಲ.

ಜುಲೈನಲ್ಲಿ ಒಂದು ಸಂಜೆ ಪಶ್ಚಿಮದ ಗ್ಲೆನ್‌ಕೋ ಕಣಿವೆಯಲ್ಲಿ ಚಿತ್ರಾನ್ನದ ಡಬ್ಬಿ ತೆರೆದು ಕೂತಿದ್ದೆವು. ಎರಡೇ ನಿಮಿಷ, ಮುಖ, ಕಿವಿ, ಅನ್ನದ ಮೇಲೆಲ್ಲಾ ಮಿಜ್ ಎಂಬ ನೊರಜು ಮುತ್ತಿಕೊಂಡಿತು. ಮಗಳು ಅಳುತ್ತಾ ಕಾರಿಗೆ ಓಡಿದಳು. ಪಶ್ಚಿಮದ ಕಡೆ ಮೇನಿಂದ ಸೆಪ್ಟೆಂಬರ್ ತನಕ, ಗಾಳಿಯಿಲ್ಲದ ತೇವದ ಸಂಜೆಯಲ್ಲಿ ಇದು ಜಾಸ್ತಿ. ಗಾಳಿ ಬೀಸಿದರೆ ಅದಕ್ಕೆ ಹಾರಲಾಗದು. ಹಾಗಾಗಿ ಗಾಳಿ ಬೀಸುವ ಬಯಲಲ್ಲೇ ಊಟಕ್ಕೆ ಕೂರಿ. ಉಣುಗಿನ ಬಗ್ಗೆ ಇನ್ನೂ ಎಚ್ಚರ ಬೇಕು. ಶಿವಮೊಗ್ಗ ಕಡೆಯವರಿಗೆ ಮಂಗನ ಕಾಯಿಲೆಯ ಉಣುಗು ಗೊತ್ತು. ಇಲ್ಲಿನದು ಲೈಮ್ ಕಾಯಿಲೆ ತರಬಲ್ಲದು. ಕಾಡಿಂದ ಬಂದ ಮೇಲೆ ಮಕ್ಕಳ ಮೊಣಕಾಲ ಹಿಂದೆ, ಕಂಕುಳು, ಕೂದಲ ಅಂಚು ನೋಡಿ. ಕಚ್ಚಿಕೊಂಡಿದ್ದರೆ ಚಿಮಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರ ಎಳೆಯಿರಿ. ಎಣ್ಣೆ ಹಚ್ಚುವುದು, ಸುಡುವುದು ಬೇಡ. ನಂತರದ ವಾರಗಳಲ್ಲಿ ಚರ್ಮದ ಮೇಲೆ ಹರಡುವ ಕಲೆ ಕಂಡರೆ ಜಿಪಿಗೆ ತೋರಿಸಿ.

ಓಡಾಟದ ಖರ್ಚಿಗೆ ಹೆದರಬೇಡಿ. 22 ತುಂಬದ ಮಕ್ಕಳಿಗೆ ಯಂಗ್ ಸ್ಕಾಟ್ ಕಾರ್ಡ್ ಮಾಡಿಸಿದರೆ ದೇಶದೊಳಗೆ ಬಸ್ಸು ಪೂರ್ತಿ ಉಚಿತ, ರೈಲಿಗೆ ಅದು ಇಲ್ಲ. ಎಡಿನ್‌ಬರಾದ ನ್ಯಾಷನಲ್ ಮ್ಯೂಸಿಯಂಗೂ ಗ್ಲಾಸ್ಗೋದ ಕೆಲ್ವಿನ್‌ಗ್ರೋವ್‌ಗೂ ಟಿಕೆಟ್ ಇಲ್ಲ. ಆಗಸ್ಟಿನಲ್ಲಿ ಬೆಟ್ಟಗಳ ಮೇಲೆ ಹೆದರ್ ಹೂವು ಬಿಟ್ಟು ಎಲ್ಲಾ ನೇರಳೆಯಾಗುತ್ತದೆ, ಅದನ್ನು ತಪ್ಪಿಸಿಕೊಳ್ಳಬೇಡಿ.

ಎರಡನೇ ಬೇಸಿಗೆಗೆ ಲೂಯಿಸ್ ದ್ವೀಪ ಇಟ್ಟುಕೊಳ್ಳಿ. ಉಲ್ಲಾಪೂಲ್‌ನಿಂದ ದೊಡ್ಡ ಹಡಗಿನಲ್ಲಿ ಹೋದರೆ ಸಿಗುವ ಊರು ಸ್ಟಾರ್ನೊವೇ. ಮೈಸೂರು ಸೀಮೆಯ ಸರ್ವೆ ಮಾಡಿದ ಕರ್ನಲ್ ಕಾಲಿನ್ ಮೆಕೆಂಜಿ ಹುಟ್ಟಿದ್ದು ಅಲ್ಲೇ. ನಮ್ಮ ಹಳ್ಳಿಗಳ ಕೈಫಿಯತ್ತುಗಳು, ಅಂದರೆ ಊರಿನ ಚರಿತ್ರೆಯ ಬರಹಗಳು, ಉಳಿದಿರುವುದು ಅವನೂ ಅವನ ಸಹಾಯಕರಾಗಿದ್ದ ಕಾವಲಿ ಸಹೋದರರೂ ಮಾಡಿದ ಕೆಲಸದಿಂದ. ಆ ಬಂದರಿನಲ್ಲಿ ನಿಂತಾಗ ನನಗೆ ಈ ದೇಶ ದೂರದ್ದು ಅನ್ನಿಸಲಿಲ್ಲ.

ವರ್ಷದ ಕೊನೆಗೆ ಹಾಗ್ಮನೇ, ಇಲ್ಲಿನ ಹೊಸ ವರ್ಷದ ಹಬ್ಬ. ಡಿಸೆಂಬರ್ 31ರ ಮಧ್ಯರಾತ್ರಿ ಕಳೆದ ಮೇಲೆ ಮನೆಗೆ ಮೊದಲು ಕಾಲಿಡುವವರಿಂದ ಆ ವರ್ಷದ ಅದೃಷ್ಟ ಎಂದು ಇಲ್ಲಿನವರ ನಂಬಿಕೆ. ಕಪ್ಪು ಕೂದಲಿನ ಗಂಡಸು ಬಂದರೆ ಒಳ್ಳೆಯದಂತೆ. ಪಕ್ಕದ ಮನೆಯ ಅಜ್ಜಿ ಪ್ರತಿ ವರ್ಷ ನಮ್ಮ ಯಜಮಾನರನ್ನೇ ಕರೆಯುತ್ತಾರೆ. ಬರಿಗೈಯಲ್ಲಿ ಹೋಗಬಾರದು. ಹಿಂದೆ ಕಲ್ಲಿದ್ದಲ ಚೂರು ಒಯ್ಯುತ್ತಿದ್ದರು, ಈಗ ಶಾರ್ಟ್‌ಬ್ರೆಡ್ ಸಾಕು. ನಾವು ಜೊತೆಗೆ ಒಂದು ಡಬ್ಬಿ ರವೆ ಉಂಡೆ ಒಯ್ಯುತ್ತೇವೆ. ಬಾಗಿಲು ತಟ್ಟಿ, ಬಲಗಾಲಿಟ್ಟು ಒಳಗೆ ಹೋಗಿ. ಇಲ್ಲಿ ಜನವರಿ 2ಕ್ಕೂ ರಜೆ ಇದೆ, ಬೇಗ ಹೊರಡುವ ಆತುರ ಬೇಡ.