ನಿವೃತ್ತಿಯ ಮೇಲೆ ಕ್ಯಾಲೆಂಡರ್ ತುಂಬಿ ಹೋದರೆ

ನಿವೃತ್ತರಾದವರಿಗೆ ಪುರುಸೊತ್ತೋ ಪುರುಸೊತ್ತು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಹಾಗಾಗಿಯೇ ಊಟಕ್ಕೆ ಬನ್ನಿ, ಸಮಾರಂಭಕ್ಕೆ ಬನ್ನಿ ಅನ್ನುವ ಕರೆಗಳೂ ಜಾಸ್ತಿ. ಗಂಡ ಒಂದು ಕಡೆ ಒಪ್ಪಿಕೊಂಡಿರುತ್ತಾರೆ, ಹೆಂಡತಿ ಅದೇ ದಿನ ಇನ್ನೊಂದು ಕಡೆ ಮಾತು ಕೊಟ್ಟಿರುತ್ತಾರೆ.

ಇದಕ್ಕೆ ಇಬ್ಬರಿಗೂ ಸೇರಿ ಒಂದೇ ಕ್ಯಾಲೆಂಡರ್ ಇಡಿ. ಗೋಡೆಯದ್ದಾದರೆ ಪೆನ್ನನ್ನು ದಾರ ಕಟ್ಟಿ ಅಲ್ಲೇ ನೇತುಹಾಕಿ. ಪೆನ್ನು ಹುಡುಕಬೇಕಾದರೆ ಯಾರೂ ಬರೆಯುವುದಿಲ್ಲ, ಅಲ್ವಾ? ಮೊಬೈಲ್ ರೂಢಿಯಿದ್ದರೆ ಗೂಗಲ್ ಕ್ಯಾಲೆಂಡರ್ ಹಂಚಿಕೊಳ್ಳಬಹುದು. ಒಬ್ಬರು ಹಾಕಿದ್ದು ಇನ್ನೊಬ್ಬರಿಗೂ ಕಾಣುತ್ತದೆ. ಡಾಕ್ಟರ್ ಭೇಟಿ, ರಕ್ತ ಪರೀಕ್ಷೆ ಮೊದಲು ಬರೆಯಿರಿ. ಯಾರೇ ಕರೆದರೂ ತಕ್ಷಣ ಹ್ಞೂಂ ಅನ್ನದೆ, "ನೋಡಿ ಹೇಳ್ತೀವಿ" ಅನ್ನಿ.

ಎಲ್ಲದಕ್ಕೂ ಜೋಡಿಯಾಗಿಯೇ ಹೋಗಬೇಕೆಂದೇನಿಲ್ಲ. ಒಬ್ಬರಿಗೆ ಸುಸ್ತಾಗಿದ್ದರೆ ಇನ್ನೊಬ್ಬರು ಹೋಗಿ ಬರಲಿ. ಕಿವಿ ಸ್ವಲ್ಪ ಮಂದವಾಗಿದ್ದರೆ ಗೋಡೆಗೆ ಬೆನ್ನು ಕೊಟ್ಟು ಕೂರಿ. ಹಿಂದಿನ ಗದ್ದಲ ಕಡಿಮೆಯಾಗಿ ಎದುರಿನವರ ಮಾತು ಹಿಡಿಯಲು ಸುಲಭ. ಸುಮ್ನೆ ತಲೆಯಾಡಿಸುತ್ತಾ ಕೂರುವ ಪಾಡು ತಪ್ಪುತ್ತದೆ!

ಕಣ್ಣಿಗೆ ಪೊರೆ ಶುರುವಾಗಿದ್ದರೆ ರಾತ್ರಿ ಎದುರಿನ ಗಾಡಿಯ ಬೆಳಕು ಕಣ್ಣು ಕುಕ್ಕುತ್ತದೆ. ಆಗ ರಾತ್ರಿಯೂಟದ ಬದಲು ಮಧ್ಯಾಹ್ನಕ್ಕೇ ಬರಬಹುದಾ ಅಂತ ಕರೆದವರನ್ನೇ ಕೇಳಿ.