28 ಮೀಟರ್ ಆಳದಲ್ಲಿ ಉಸಿರು ಬಿಗಿದಾಗ

ಸ್ಕೂಬಾ ಡೈವಿಂಗ್ ಮಾಡುವಾಗ ನೀರಿನಡಿ ನನಗೆ ಉಸಿರು ಬಿಗಿದದ್ದು ಎರಡು ಸಲ. ಎರಡೂ ಸಲ ಬೆನ್ನಿನ ಟ್ಯಾಂಕಿನಲ್ಲಿ ಬೇಕಾದಷ್ಟು ಗಾಳಿ ಇತ್ತು!

ಮೊದಲನೆಯದು ನೇತ್ರಾಣಿಯಲ್ಲಿ. ಮುರುಡೇಶ್ವರದಿಂದ ದೋಣಿ ಹತ್ತಿ ಹೋಗ್ತೀವಲ್ಲ, ಅದೇ ದ್ವೀಪ. ಆಳ 16 ಮೀಟರ್ ಅಷ್ಟೇ. ಆದರೆ ಅವತ್ತು ಸೆಳೆತ ಜೋರಿತ್ತು. ಹಿಂದೆ ಬಿದ್ದೆನಲ್ಲ ಅಂತ ಗಾಬರಿಯಲ್ಲಿ ಕಾಲಿನ ಫಿನ್ (ಈಜುರೆಕ್ಕೆ) ಬಡಿಯತೊಡಗಿದೆ. ಎರಡೇ ನಿಮಿಷಕ್ಕೆ, ಎಷ್ಟು ಎಳೆದರೂ ಗಾಳಿ ಸಾಲದು ಅನ್ನಿಸಿತು. ಟ್ಯಾಂಕಿನ ಗಾಳಿಯನ್ನು ಬಾಯಿಗೆ ಕೊಡುವ ರೆಗ್ಯುಲೇಟರ್ ಕೆಟ್ಟಿದೆ ಅಂದುಕೊಂಡೆ. ಟ್ಯಾಂಕಿನ ಗಾಳಿಯ ಒತ್ತಡ ತೋರಿಸುವ ಗೇಜ್ ನೋಡಿದರೆ 130 ಬಾರ್, ಮುಳ್ಳು ಒಂಚೂರೂ ಅಲ್ಲಾಡುತ್ತಿಲ್ಲ.

ಡೈವ್ ಮಾಸ್ಟರ್ ಬಂದು ನನ್ನನ್ನು ಬಂಡೆಯ ಮರೆಗೆ ಎಳೆದುಕೊಂಡರು. ಬಾಯಿಯ ಮುಂದೆ ಕೈಯಿಟ್ಟು ನಿಧಾನವಾಗಿ ಮುಂದಕ್ಕೆ ತಳ್ಳಿ ತೋರಿಸಿದರು. ಹೊರಗೆ ಬಿಡು ಅಂತ. ಆಗ ಗೊತ್ತಾಯಿತು, ನಾನು ಎಳೆಯುತ್ತಿದ್ದೆ, ಸರಿಯಾಗಿ ಬಿಡುತ್ತಲೇ ಇರಲಿಲ್ಲ. ಪ್ರತಿ 10 ಮೀಟರಿಗೆ ಒಂದು ವಾತಾವರಣದಷ್ಟು ಒತ್ತಡ ಸೇರುತ್ತದೆ, ಗಾಳಿಯೂ ಅಷ್ಟೇ ದಪ್ಪವಾಗುತ್ತದೆ. ಅದನ್ನು ಒಳಗೆ ಹೊರಗೆ ಆಡಿಸುವುದೇ ಒಂದು ಕೆಲಸ. ನಾಯಿ ತೇಕಿದ ಹಾಗೆ ಉಸಿರಾಡಿದರೆ ಗಾಳಿ ಗಂಟಲಲ್ಲೇ ಓಡಾಡುತ್ತದೆ, ಇಂಗಾಲದ ಡೈಆಕ್ಸೈಡ್ ಒಳಗೇ ಉಳಿಯುತ್ತದೆ. ಉಸಿರು ಬೇಕು ಬೇಕು ಅನ್ನಿಸುವುದು ಅದರಿಂದ, ಆಮ್ಲಜನಕ ಕಮ್ಮಿಯಾಗಿ ಅಲ್ಲ. ಬಂಡೆ ಹಿಡಿದು, ಕಾಲು ಆಡಿಸದೆ, ಏಳೆಂಟು ಸಲ ಉದ್ದಕ್ಕೆ ಬಿಟ್ಟೆ. ಸರಿಹೋಯಿತು.

ಎರಡನೆಯದು ಅಂಡಮಾನಿನ ಹ್ಯಾವ್‌ಲಾಕಿನಲ್ಲಿ, 28 ಮೀಟರಿನಲ್ಲಿ. ಈ ಸಲ ಸೆಳೆತ ಇಲ್ಲ, ನಾನೂ ಆರಾಮಾಗಿದ್ದೆ. ಆದರೂ ಪ್ರತಿ ಉಸಿರಿಗೂ ದಪ್ಪ ಎಳನೀರಿನ ಗಂಜಿಯನ್ನು ಸಣ್ಣ ಸ್ಟ್ರಾದಲ್ಲಿ ಎಳೆದ ಹಾಗೆ. ಹಳೇ ಪಾಠ ನೆನೆದು ನಿಂತೆ, ಉದ್ದಕ್ಕೆ ಬಿಟ್ಟೆ. ಊಹೂಂ. ನನ್ನದೇ ಆಕ್ಟೋಪಸ್ (ಆಪತ್ತಿಗೆ ಇಟ್ಟುಕೊಳ್ಳುವ ಎರಡನೇ ಬಾಯಿತುಂಡು) ಬಾಯಿಗಿಟ್ಟೆ, ಅದೂ ಹಾಗೇ. ಆಮೇಲೆ ಗೇಜ್ ಕಣ್ಣೆದುರು ಹಿಡಿದು ಒಂದು ಉಸಿರು ಎಳೆದೆ. 150ರಲ್ಲಿದ್ದ ಮುಳ್ಳು ಸರ್ರನೆ 90ಕ್ಕೆ ಬಿತ್ತು. ಉಸಿರು ಬಿಟ್ಟಾಗ ಮೆಲ್ಲಗೆ ಮೇಲಕ್ಕೆ ಬಂತು. ಮತ್ತೆ ಎಳೆದೆ, ಮತ್ತೆ ಬಿತ್ತು.

ಟ್ಯಾಂಕಿನ ವಾಲ್ವ್ ಪೂರ್ತಿ ತೆರೆದಿರಲಿಲ್ಲ.

ಬಡ್ಡಿಗೆ (ಸಾಲದ ಬಡ್ಡಿ ಅಲ್ಲ, ನೀರಿನಡಿ ಜೊತೆಗಿರುವವರು!) ಏನೋ ತೊಂದರೆ ಅಂತ ಅಂಗೈ ಆಡಿಸಿ ತೋರಿಸಿ, ಗೇಜ್ ಮುಂದೆ ಹಿಡಿದೆ. ಅವರು ಮೊದಲು ತಮ್ಮ ಆಕ್ಟೋಪಸ್ ನನ್ನ ಬಾಯಿಗೆ ಕೊಟ್ಟರು, ಆಮೇಲೆ ಹಿಂದೆ ಹೋಗಿ ವಾಲ್ವ್ ತಿರುಗಿಸಿದರು. ಅದು ತಿರುಗುತ್ತಲೇ ಹೋಯಿತು. ಪೂರ್ತಿ ತೆರೆದು ಅರ್ಧ ಸುತ್ತು ಹಿಂದಕ್ಕೆ ತಿರುಗಿಸುವ ಹಳೇ ರೂಢಿಯೊಂದಿದೆ. ದೋಣಿಯಲ್ಲಿ ಯಾರೋ ದಿಕ್ಕು ತಪ್ಪಿ, ಪೂರ್ತಿ ಮುಚ್ಚಿ ಅರ್ಧ ಸುತ್ತು ತೆರೆದಿದ್ದರು. ಮೇಲೆ ಅದು ಗೊತ್ತೇ ಆಗಲಿಲ್ಲ. ಆದರೆ 28 ಮೀಟರಿನಲ್ಲಿ ಒಂದೊಂದು ಉಸಿರಿಗೂ ಹೆಚ್ಚುಕಮ್ಮಿ ನಾಲ್ಕು ಪಟ್ಟು ಗಾಳಿ ಅದೇ ಸಂದಿಯಿಂದ ಬರಬೇಕಲ್ವಾ?

ಎರಡೂ ಸಲ ಮನಸ್ಸು ಹೇಳಿದ್ದು ಒಂದೇ, ಮೇಲಕ್ಕೆ ಓಡು ಅಂತ. ಉಸಿರು ಹಿಡಿದು ಓಡಿದ್ದರೆ ಎದೆಯೊಳಗಿನ ಗಾಳಿ ಹಿಗ್ಗಿ ಶ್ವಾಸಕೋಶ ಹರಿಯಬಹುದಿತ್ತು. ಅದಕ್ಕೇ ಈಗ ಬಿಗಿದರೆ ಮೊದಲು ಗೇಜ್ ನೋಡುತ್ತೇನೆ. ಗಾಳಿ ಇದ್ದು ಮುಳ್ಳು ಸುಮ್ಮನಿದ್ದರೆ ಹೆಚ್ಚಿನಂಶ ತಪ್ಪು ನನ್ನ ಉಸಿರಿನದು. ನಿಂತು, ಉಸಿರನ್ನು ಉದ್ದಕ್ಕೆ ಹೊರಗೆ ಬಿಡುತ್ತೇನೆ, ಸರಿಹೋಗದಿದ್ದರೆ ಬಡ್ಡಿಯ ಜೊತೆ ನಿಧಾನವಾಗಿ ಮೇಲಕ್ಕೆ. ಮುಳ್ಳು ಕುಣಿದರೆ ವಾಲ್ವ್. 

ದೋಣಿಯಲ್ಲೂ ಅಷ್ಟೆ, 200 ಬಾರ್ ಇದೆ ಅಂತ ಸುಮ್ನೆ ಒಪ್ಪುವುದಿಲ್ಲ. ಮುಳ್ಳು ನೋಡುತ್ತಾ ನಾಲ್ಕು ಸಲ ಜೋರಾಗಿ ಎಳೆಯುತ್ತೇನೆ. ವಾಲ್ವನ್ನೂ ನಾನೇ ಮುಟ್ಟಿ ನೋಡುತ್ತೇನೆ, ಟ್ಯಾಂಕ್ ಬೆನ್ನಿಗೇರಿಸುವ ಮೊದಲೇ. ಏರಿಸಿದ ಮೇಲೆ ನನ್ನ ಕೈ ಅಲ್ಲಿಗೆ ಎಟುಕುವುದಿಲ್ಲ.