ರೀಲ್ಸ್, ಸಿನಿಮಾ ಹಾಡು ಕಲೆಯೇ? ಹುಡುಗರ ಜೊತೆ ಕೂತು ನೋಡುವ ಬಗೆ

‘ಇದೂ ಒಂದು ಕಲೇನಾ?’ ಎಂದೇ ಮಾತು ಶುರುಮಾಡಿದರೆ ಹದಿನೇಳರ ಹುಡುಗ ಫೋನ್ ಜೇಬಿಗಿಟ್ಟು ಎದ್ದು ಹೋಗುತ್ತಾನೆ. ಆ ಪ್ರಶ್ನೆ ಕೊನೆಗಿರಲಿ. ಮೊದಲು ನೋಡಬೇಕು, ಎಣಿಸಬೇಕು. ದಾವಣಗೆರೆಯ ಹಾಸ್ಟೆಲ್ ಆಗಲಿ, ಚಿತ್ರದುರ್ಗದ ಯಾವುದೋ ಬಡಾವಣೆಯ ಗ್ರಂಥಾಲಯವಾಗಲಿ, ಭಾನುವಾರದ ಎರಡು ಗಂಟೆ ಸಾಕು.

8ರಿಂದ 10 ಜನ ಇರಲಿ. ಹೆಚ್ಚಾದರೆ ಹಿಂದೆ ಕೂತವರು ಬಾಯಿ ಬಿಡುವುದಿಲ್ಲ. ಒಂದು ಟಿವಿ, ಹೊರಗಿನ ಸ್ಪೀಕರ್, ತಲಾ ಒಂದು ಹಾಳೆ, ಪೆನ್ಸಿಲ್. ಫೋನಿನ ಸ್ಪೀಕರ್ ನಂಬಬೇಡಿ, ಅದರಲ್ಲಿ ತಗ್ಗಿನ ದನಿಗಳು ಕೇಳಿಸುವುದೇ ಇಲ್ಲ. ತುಣುಕುಗಳು ಎರಡು: ಒಂದು ಹುಡುಗರು ಆರಿಸಿದ್ದು, ಒಂದು ಹಿರಿಯರದು. ಯಾವುದೂ 90 ಸೆಕೆಂಡ್ ಮೀರಬಾರದು. ಹುಡುಗರದ್ದನ್ನೇ ಮೊದಲು ಹಾಕಿ.

ಹಿರಿಯರ ಪಾಲಿಗೆ ನಮ್ಮ ಸೀಮೆಯಲ್ಲಿ 1972ರ ‘ನಾಗರಹಾವು’ ಚಿತ್ರದ ಓಬವ್ವನ ಭಾಗಕ್ಕಿಂತ ಒಳ್ಳೆಯದು ಸಿಗದು. ತ.ರಾ.ಸು. ಕಾದಂಬರಿಗಳ ಮೇಲೆ ಪುಟ್ಟಣ್ಣ ಕಣಗಾಲ್ ಕಟ್ಟಿದ ಆ ಚಿತ್ರವೂ ಟಿಕೆಟ್ ಮಾರಿ ಓಡಿದ ಜನಪ್ರಿಯ ಮನರಂಜನೆಯೇ.

ಪ್ರತಿ ತುಣುಕನ್ನೂ ಮೂರು ಸಲ ಹಾಕಿ. ಮೊದಲ ಸಲ ಸುಮ್ಮನೆ ನೋಡುವುದು, ಬರೆಯುವಂತಿಲ್ಲ. ಎರಡನೇ ಸಲ ದನಿ ಪೂರ್ತಿ ನಿಲ್ಲಿಸಿ. ದೃಶ್ಯ ಕತ್ತರಿಸಿದಾಗೆಲ್ಲ ಹಾಳೆಯ ಮೇಲೆ ಒಂದು ಗೀಟು. ಮೂರನೇ ಸಲ ಪರದೆಗೆ ಟವೆಲ್ ಮುಚ್ಚಿ ಬರೀ ಕೇಳುವುದು: ಯಾವ ವಾದ್ಯ ಎಲ್ಲಿ ಸೇರಿತು, ಎಲ್ಲಿ ಮೌನ ಬಿತ್ತು. ಎಣಿಕೆ ಒಬ್ಬೊಬ್ಬರದು ಒಂದೊಂದು ಬಂದೇ ಬರುತ್ತದೆ. ಕ್ಯಾಮೆರಾ ರಪ್ಪನೆ ತಿರುಗಿದ್ದನ್ನು ಕೆಲವರು ಕಟ್ ಎಂದುಕೊಂಡಿರುತ್ತಾರೆ. ವೇಗ 0.5ಕ್ಕೆ ಇಳಿಸಿ ಮತ್ತೆ ಎಣಿಸಿ.

ಈಗ ನಿಜವಾದ ಪರೀಕ್ಷೆ. ಒಂದೊಂದು ಗೀಟನ್ನೂ ಹಿಡಿದು ಕೇಳಿ: ಈ ಕಟ್ ಇಲ್ಲದಿದ್ದರೆ, ಈ ಮೌನದ ಜಾಗದಲ್ಲಿ ಡೋಲು ಬಡಿದಿದ್ದರೆ ಏನಾದರೂ ಕೆಡುತ್ತಿತ್ತೇ? ಕೆಡುತ್ತಿದ್ದರೆ ಅಲ್ಲಿ ಯಾರೋ ಯೋಚಿಸಿ ಆರಿಸಿದ್ದಾರೆ. ಏನೂ ಆಗದಿದ್ದರೆ ಅದು ತುರುಕಿದ್ದು. ಹಳೆಯ ಚಿತ್ರದಲ್ಲೂ ತುರುಕಿದ್ದು ಸಿಗುತ್ತದೆ, ಅದನ್ನು ಹಿರಿಯರೇ ಮೊದಲು ತೋರಿಸಿದರೆ ಹುಡುಗರೂ ತಮ್ಮದನ್ನು ಬಿಚ್ಚಿ ನೋಡುತ್ತಾರೆ. ಈ ಕೂಟ ಕೆಡುವುದು ಸಾಮಾನ್ಯವಾಗಿ ‘ನಮ್ಮ ಕಾಲದಲ್ಲಿ’ ಎಂಬ ಮಾತಿನಿಂದ.

‘ರೀಲ್ಸ್‌ನವರದ್ದು ಬೇರೆಯವರ ಆಡಿಯೊ, ಅದೆಂಥ ಕಲೆ’ ಎಂಬ ತಕರಾರು ಬರುತ್ತದೆ. ಅದರಲ್ಲಿ ಹುರುಳಿಲ್ಲ. ಕಂಪನಿ ನಾಟಕದವರೂ ಮರಾಠಿ ಮಟ್ಟುಗಳಿಗೆ ಕನ್ನಡ ಹಾಡು ಕೂರಿಸಿದವರೇ. ಬರೀ ಮನರಂಜನೆ ಎಂದು ಆ ರಂಗವನ್ನು ಬದಿಗಿಟ್ಟವರಿದ್ದರು. ಅದೇ ರಂಗದಿಂದ ಬಂದ ದಾವಣಗೆರೆಯ ಚಿಂದೋಡಿ ಲೀಲಾ ಪದ್ಮಶ್ರೀ ಪಡೆದರು. ಹಾಗಾಗಿ ಒಂದೇ ಆಡಿಯೊ ಇರುವ ಮೂರು ರೀಲ್ಸ್ ಸಾಲಾಗಿ ಹಾಕಿ, ಎರವಲು ತಂದ ದನಿಗೆ ತನ್ನದೇನನ್ನು ಸೇರಿಸಿದವರು ಯಾರು ಎಂದು ಹುಡುಕಿಸಿ. ಮೂರರಲ್ಲಿ ಒಬ್ಬರೂ ಇಲ್ಲದಿರಬಹುದು. ಅದನ್ನೂ ಹುಡುಗರ ಬಾಯಿಂದಲೇ ಕೇಳಬೇಕು.

ಮುಂದಿನ ವಾರ ಚಿತ್ರದುರ್ಗದ ಕೋಟೆಗೆ. ಓಬವ್ವನ ಕಿಂಡಿಯ ಬಳಿ ಪ್ರತಿಯೊಬ್ಬರೂ ಫೋನಿನಲ್ಲಿ 30 ಸೆಕೆಂಡಿನ ತುಣುಕು ತೆಗೆಯಲಿ, ಮೂರೇ ಶಾಟ್. ಸಂರಕ್ಷಿತ ಸ್ಮಾರಕವಾದ್ದರಿಂದ ಟ್ರೈಪಾಡ್, ಡ್ರೋನ್ ಒಯ್ಯಬೇಡಿ. ಕಿಂಡಿಯ ಆಚೆಯ ಬಿಸಿಲು ಚೌಕಟ್ಟಿಗೆ ಬಂದರೆ ಫೋನ್ ಬೆಳಕು ತಗ್ಗಿಸಿ ಒಳಗಿನ ಬಂಡೆಯನ್ನು ಕಪ್ಪಾಗಿಸುತ್ತದೆ. ಪರದೆಯಲ್ಲಿ ಬಂಡೆ ಕಾಣುವ ಜಾಗದ ಮೇಲೆ ಬೆರಳು ಒತ್ತಿ ಹಿಡಿದರೆ ಬೆಳಕು ಅಲ್ಲಿಗೇ ನಿಲ್ಲುತ್ತದೆ. ಗುಡ್ಡದ ಗಾಳಿ ಮೈಕಿಗೆ ಬಡಿಯದಂತೆ ದೇಹವನ್ನೇ ಅಡ್ಡ ಹಿಡಿಯಿರಿ.

ವಾಪಸ್ ಬಂದ ಮೇಲೆ ಅವರವರ ತುಣುಕಿಗೂ ಅದೇ ಗೀಟಿನ ಪರೀಕ್ಷೆ. ಕಲೆಯೋ ಅಲ್ಲವೋ ಎಂಬ ಪ್ರಶ್ನೆ ಈಗ ಕೇಳಿ. ‘ಚೆನ್ನಾಗಿದೆ’ ಎಂಬ ಉತ್ತರ ಬಂದರೆ, ಎಷ್ಟನೇ ಗೀಟಿನ ಹತ್ತಿರ ಎಂದು ಕೇಳಿ.